ಹೊಂಗೆ ಮರದ ಸುತ್ತ ಪ್ಲಾಸ್ಟಿಕ್ ಹುಲ್ಲು ಬೇಡ: ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಒಂದು ಬಹಿರಂಗ ಪತ್ರ

ಸಂಘದ ಅಧ್ಯಕ್ಷರಿಗೆ, ಕಾರ್ಯದರ್ಶಿಯವರಿಗೆ, ಸಮಿತಿಯ ಎಲ್ಲ ಸದಸ್ಯರಿಗೆ,

ನಮಸ್ಕಾರ.

ಮುಂದಿನ ಭಾನುವಾರದ ಸಾಮಾನ್ಯ ಸಭೆಯ ನೋಟಿಸನ್ನು ಲಿಫ್ಟ್ ಪಕ್ಕದಲ್ಲಿ ಓದಿದೆ. ಐದನೇ ವಿಷಯ ಹೀಗಿದೆ: ‘ಮಧ್ಯದ ಹುಲ್ಲುಹಾಸನ್ನು ತೆಗೆದು ಕೃತಕ ಹುಲ್ಲು ಹಾಕಿಸುವುದು, 3,000 ಚದರಡಿ.’ ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಸಭೆಯಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ ಸಿಗುತ್ತದೆ. ನನ್ನ ಮಾತು ಅಷ್ಟರಲ್ಲಿ ಮುಗಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುತ್ತಿರುವುದು ಯಾಕೆಂದರೆ, ಇದು ನಮ್ಮ ಕಾಂಪೌಂಡಿನ ಒಳಗಿನ ವಿಷಯವಾಗಿ ಉಳಿದಿಲ್ಲ. ಬೆಂಗಳೂರಿನಲ್ಲಿ ಈಗ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ, ಶಾಲೆಗಳಲ್ಲಿ, ರಸ್ತೆ ಮಧ್ಯದ ಡಿವೈಡರ್‌ಗಳಲ್ಲಿ ಇದೇ ಹಸಿರು ಹಾಸು ಕಾಣುತ್ತದೆ. ಇನ್ನೂ ಎಷ್ಟೋ ಸಂಘಗಳ ಮೇಜಿನ ಮೇಲೆ ಇದೇ ಕೊಟೇಶನ್ ಕೂತಿರಬೇಕು. ಅವರೂ ಓದಲಿ ಅಂತ ನನ್ನ ಆಸೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಎರಡು ವರ್ಷದ ಹಿಂದೆ ಮಕ್ಕಳ ಆಟದ ಜಾಗಕ್ಕೆ ಕೃತಕ ಹುಲ್ಲು ಹಾಕಿಸೋಣ ಅಂದಾಗ ನಾನೂ ಕೈ ಎತ್ತಿದ್ದೆ. 2024ರ ಬೇಸಿಗೆ ನಮ್ಮನ್ನೆಲ್ಲ ಹೆದರಿಸಿತ್ತು. ನಮ್ಮ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಪೂರ್ತಿ ಬತ್ತಿತು. ಟ್ಯಾಂಕರಿನವರು ಹೇಳಿದ್ದೇ ರೇಟು ಆಯಿತು. ಕೊನೆಗೆ ಜಿಲ್ಲಾಡಳಿತವೇ ನಡುವೆ ಬಂದು, ಹತ್ತಿರದ ಟ್ರಿಪ್ಪಾದರೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಅಂತ ದರ ಕಟ್ಟಿತು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಸ್ನಾನಕ್ಕೇ ನೀರಿಲ್ಲದಾಗ ಹುಲ್ಲಿಗೆ ಎಲ್ಲಿಂದ ತರುವುದು? ‘ನೀರೇ ಬೇಡ, ಕತ್ತರಿಸೋದೂ ಬೇಡ, ವರ್ಷವಿಡೀ ಹಸಿರು’ ಅಂತ ಅವತ್ತು ಯಾರು ಹೇಳಿದ್ದರೂ ನಾವು ಒಪ್ಪುತ್ತಿದ್ದೆವು. ಒಪ್ಪಿದೆವು.

ಆಮೇಲಿನ ಎರಡು ವರ್ಷ ನಾನು ಆ ಜಾಗವನ್ನು ದಿನಾ ನೋಡಿದ್ದೇನೆ. ನನ್ನ ಅಡುಗೆಮನೆ ಕಿಟಕಿ ಅದರ ಮೇಲೆಯೇ ತೆರೆಯುತ್ತದೆ.

ಕಳೆದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ, ಎರಡೂವರೆ ಇರಬೇಕು. ಎರಡನೇ ಮಹಡಿಯ ಪುಟ್ಟ ಹುಡುಗಿ, ನಾಲ್ಕು ವರ್ಷದವಳು, ಚಪ್ಪಲಿ ಬಿಟ್ಟು ಜಾರುಬಂಡೆಯ ಕಡೆ ಓಡಿದಳು. ನಾಲ್ಕೇ ಹೆಜ್ಜೆ. ಆಮೇಲೆ ಒಂದು ಕಾಲು ಎತ್ತಿ ಇನ್ನೊಂದು ಕಾಲಿನ ಮೇಲೆ ನಿಲ್ಲೋಕೆ ನೋಡಿದಳು. ಅದೂ ಸುಟ್ಟಿತು. ಮುಂದೆ ಹೋಗೋಕೂ ಆಗದೆ, ಹಿಂದೆ ಬರೋಕೂ ಆಗದೆ ಅಲ್ಲೇ ಕುಣಿಯುತ್ತಾ ಅಳೋಕೆ ಶುರು ಮಾಡಿದಳು. ಅವಳ ಅಜ್ಜಿ ಓಡಿಹೋಗಿ ಎತ್ತಿಕೊಂಡರು. ಸಂಜೆ ಅಂಗಾಲು ನೋಡಿದರೆ ಕೆಂಪಗೆ ಬೆಂದ ಹಾಗಿತ್ತು.

ಅವತ್ತಿನಿಂದ ಸೆಕ್ಯೂರಿಟಿಯವರು ಬೇಸಿಗೆಯಲ್ಲಿ ನಾಲ್ಕು ಗಂಟೆಗೆ ಪೈಪು ಹಿಡಿದು ಅದರ ಮೇಲೆ ನೀರು ಬಿಡುತ್ತಾರೆ. ಮಕ್ಕಳು ಬರುವ ಹೊತ್ತಿಗೆ ತಣ್ಣಗಾಗಲಿ ಅಂತ. ನೀರು ಉಳಿಸಲು ಹಾಕಿಸಿದ ಹುಲ್ಲಿಗೆ ಈಗ ನೀರು ಹಾಕುತ್ತಿದ್ದೇವೆ. ನಾಯಿಗಳು ಅದರ ಮೇಲೆ ಉಚ್ಚೆ ಹೊಯ್ದ ವಾಸನೆ ಹೋಗಲಿ ಅಂತ ವಾರಕ್ಕೊಮ್ಮೆ ಫಿನಾಯಿಲ್ ಹಾಕಿ ತೊಳೆಯುವುದು ಬೇರೆ. ಮಣ್ಣಿದ್ದಾಗ ಆ ಕೆಲಸವನ್ನು ಮಣ್ಣೇ ಮಾಡುತ್ತಿತ್ತು.

ನಮ್ಮಲ್ಲಿ ಮಾತ್ರ ಹೀಗೋ, ಎಲ್ಲ ಕಡೆ ಹೀಗೋ ಅಂತ ಓದಿ ನೋಡಿದೆ. ಅಮೆರಿಕದ ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2002ರಲ್ಲಿ ತಮ್ಮ ಆಟದ ಮೈದಾನದ ಬಿಸಿಯನ್ನು ಅಳೆದಿದ್ದರು. ಕೃತಕ ಹುಲ್ಲಿನ ಮೇಲ್ಮೈ ಸರಾಸರಿ 47 ಡಿಗ್ರಿ ಸೆಲ್ಸಿಯಸ್. ನಿಜವಾದ ಹುಲ್ಲಿನದ್ದು ಸುಮಾರು 26. ಗಾಳಿ 37 ಡಿಗ್ರಿ ಇದ್ದ ಒಂದು ದಿನ ಕೃತಕ ಹುಲ್ಲು 93 ಡಿಗ್ರಿ ತಲುಪಿತ್ತು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಅಳತೆ. ಅವರೂ ನಮ್ಮ ಸೆಕ್ಯೂರಿಟಿಯವರ ಹಾಗೆ ನೀರು ಬಿಟ್ಟು ನೋಡಿದರು. 79 ಡಿಗ್ರಿ ಇದ್ದದ್ದು ಕೂಡಲೇ 29ಕ್ಕೆ ಇಳಿಯಿತು. ಇಪ್ಪತ್ತೇ ನಿಮಿಷಕ್ಕೆ ಮತ್ತೆ 73ಕ್ಕೆ ಏರಿತು. ಅಂದರೆ ನಾವು ನಾಲ್ಕು ಗಂಟೆಗೆ ಬಿಡುವ ನೀರು ನಾಲ್ಕೂವರೆಯ ತನಕವೂ ಕೆಲಸಕ್ಕೆ ಬರುವುದು ಅನುಮಾನ.

ಕಾರಣ ಸರಳ. ಹುಲ್ಲು ಬೇರಿನಿಂದ ನೀರು ಎಳೆದು ಎಲೆಯಿಂದ ಆವಿಯಾಗಿ ಬಿಡುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುತ್ತದಲ್ಲ, ಅದೇ ಕೆಲಸ. ಪ್ಲಾಸ್ಟಿಕ್ಕಿಗೆ ಬೆವರು ಇಲ್ಲ. ಬಿಸಿಲು ಬಿದ್ದಷ್ಟೂ ಕಾಯುತ್ತದೆ, ಸುತ್ತಲ ಗಾಳಿಗೆ ಅದನ್ನೇ ಕೊಡುತ್ತದೆ. ಇದೇ ಬೆಂಗಳೂರು 2024ರ ಏಪ್ರಿಲ್ 28ರಂದು 38.5 ಡಿಗ್ರಿ ಕಂಡಿತು. ಫ್ಯಾನಿಲ್ಲದೆ ಮಲಗುತ್ತಿದ್ದ ಊರಿದು.

ಈ ಹುಲ್ಲು ಹೆಸರು ಮಾಡಿದ ಕಥೆಯನ್ನೂ ಹೇಳಬೇಕು. ಅಮೆರಿಕದ ಹ್ಯೂಸ್ಟನ್‌ನಲ್ಲಿ 1965ರಲ್ಲಿ ಆಸ್ಟ್ರೋಡೋಮ್ ಎಂಬ ಪೂರ್ತಿ ಚಾವಣಿಯ ಕ್ರೀಡಾಂಗಣ ತೆರೆಯಿತು. ಒಳಗೆ ನಿಜವಾದ ಹುಲ್ಲನ್ನೇ ಹಾಕಿದ್ದರು. ಚಾವಣಿಯಿಂದ ಬರುವ ಬೆಳಕು ಆಟಗಾರರ ಕಣ್ಣಿಗೆ ಹೊಡೆಯುತ್ತದೆ ಅಂತ ಅದಕ್ಕೆ ಬಣ್ಣ ಬಳಿದರು. ಬಿಸಿಲು ಸಿಗದೆ ಹುಲ್ಲು ಸತ್ತಿತು. ಮರುವರ್ಷ ಅದರ ಜಾಗಕ್ಕೆ ಬಂದದ್ದು ಕೃತಕ ಹುಲ್ಲು. ಆಸ್ಟ್ರೋಟರ್ಫ್ ಅನ್ನುವ ಹೆಸರು ಬಂದದ್ದು ಆ ಕ್ರೀಡಾಂಗಣದಿಂದಲೇ. ಬಿಸಿಲೇ ಬೀಳದ ಜಾಗದ ಕಷ್ಟಕ್ಕೆ ಹೊಂದಿಸಿಕೊಂಡ ವಸ್ತು ಅದು. ನಮ್ಮಲ್ಲಿ ಬಿಸಿಲಿಗೆ ಏನು ಕೊರತೆ?

ಈಗ ಮಳೆಗೆ ಬರುತ್ತೇನೆ. ನನ್ನ ಮುಖ್ಯ ಮಾತು ಇದೇ.

ನಮ್ಮ ಕಟ್ಟಡದ ನಕ್ಷೆ ತೆಗೆದು ನೋಡಿ. ಜಾಗದ ಬಹುಪಾಲು ಕೆಳಗೆ ಕಾರು ನಿಲ್ಲಿಸುವ ಬೇಸ್‌ಮೆಂಟ್ ಇದೆ. ಉಳಿದದ್ದು ಓಡಾಡುವ ರಸ್ತೆ, ಇಂಟರ್‌ಲಾಕ್ ಇಟ್ಟಿಗೆ. ಕೆಳಗೆ ಏನೂ ಇಲ್ಲದ, ಪಾತಾಳದ ತನಕ ನಿಜವಾಗಿ ಮಣ್ಣೇ ಇರುವ ಜಾಗ ಒಂದೇ ಒಂದು: ಹೊಂಗೆ ಮರದ ಸುತ್ತಲಿನ ಆ 3,000 ಚದರಡಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸಿನಲ್ಲಿ ಮಳೆಯಾಗುತ್ತದೆ. ಆ ಜಾಗದ ಮೇಲೆ ಬೀಳುವ ಮಳೆಯನ್ನಷ್ಟೇ ಲೆಕ್ಕ ಹಾಕಿದೆ. ವರ್ಷಕ್ಕೆ ಸುಮಾರು 2,70,000 ಲೀಟರ್. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 22 ಟ್ಯಾಂಕರ್. ಎಲ್ಲವೂ ಇಂಗುವುದಿಲ್ಲ, ಒಂದಷ್ಟು ಆವಿಯಾಗುತ್ತದೆ, ಒಂದಷ್ಟು ಹುಲ್ಲೇ ಕುಡಿಯುತ್ತದೆ. ಆದರೂ ನಮ್ಮ ಉಳಿದಿರುವ ಒಂದು ಬೋರ್‌ವೆಲ್ಲಿನ ಕಡೆ ನೀರು ಇಳಿಯಲು ಇರುವ ಬಾಗಿಲು ಅದೊಂದೇ. ಅದನ್ನು ಮುಚ್ಚುತ್ತೀವಿ ಅನ್ನುತ್ತಿದೆ ಐದನೇ ವಿಷಯ.

ಹಾಸಿನಲ್ಲಿ ತೂತುಗಳಿವೆ, ನೀರು ಇಳಿಯುತ್ತದೆ ಅಂತ ಕೊಟೇಶನ್‌ನಲ್ಲಿ ಬರೆದಿದ್ದಾರೆ. ನಿಜ, ತೂತುಗಳಿವೆ. ಆದರೆ ಹಾಸಿನ ಕೆಳಗೆ ಏನಿರುತ್ತದೆ? ಮೇಲ್ಮಣ್ಣನ್ನು ಕೆರೆದು ತೆಗೆಯುತ್ತಾರೆ. ಜಲ್ಲಿ ಸುರಿಯುತ್ತಾರೆ. ಅದರ ಮೇಲೆ ಕಲ್ಲುಪುಡಿ ಹಾಕಿ, ನೀರು ಹೊಡೆದು, ಮಟ್ಟ ಬರೋ ತನಕ ರೋಲರ್ ಓಡಿಸುತ್ತಾರೆ. ಮಕ್ಕಳ ಜಾಗಕ್ಕೆ ಮಾಡಿದ್ದು ಹಾಗೇ, ನಾವೆಲ್ಲ ನಿಂತು ನೋಡಿದ್ದೇವೆ. ಆ ಬಿಗಿ ನೆಲದೊಳಗೆ ಜೋರು ಮಳೆ ಇಳಿಯುವುದಿಲ್ಲ, ಹರಿಯುತ್ತದೆ. ಈ ಮೇ ತಿಂಗಳ ಮೊದಲ ಮಳೆಯಲ್ಲಿ ಆಟದ ಜಾಗದಿಂದ ನೀರು ಸೀದಾ ಬೇಸ್‌ಮೆಂಟಿನ ಇಳಿಜಾರಿಗೆ ನುಗ್ಗಿದ್ದನ್ನು ಕೆಳಗೆ ಕಾರು ನಿಲ್ಲಿಸುವ ಎಲ್ಲರೂ ನೋಡಿದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಮನೆಯಿಂದ ಹೊರಗೆ ಬಂದರಲ್ಲ, ಆ ನೀರೂ ಎಲ್ಲೋ ಇಂಗಬೇಕಿದ್ದದ್ದು, ಇಂಗಲು ಜಾಗ ಸಿಗದೆ ಹರಿದದ್ದು.

ಆ ಮಳೆ ನಿಂತ ಮೇಲೆ ನಾನು ಕೆಳಗೆ ಹೋದೆ. ಇಳಿಜಾರಿನ ಬುಡದ ಚರಂಡಿಗೆ ಕಬ್ಬಿಣದ ಜಾಲರಿ ಇದೆಯಲ್ಲ, ಅದಕ್ಕೆ ಏನೋ ಹಸಿರಾಗಿ ಕಟ್ಟಿಕೊಂಡಿತ್ತು. ಪಾಚಿ ಇರಬೇಕು ಅಂದುಕೊಂಡೆ. ಬಗ್ಗಿ ಕಿತ್ತರೆ ಒಂದು ಹಿಡಿ ಕೈಗೆ ಬಂತು. ಪಾಚಿ ಅಲ್ಲ, ಎಳೆಗಳು. ಮುರಿದ ಶಾವಿಗೆಯ ಹಾಗೆ, ಬೆರಳಿನ ಅಗಲದಷ್ಟು ಉದ್ದದವು, ಅರ್ಧ ಬೆರಳಿನವು. ಬೆರಳ ನಡುವೆ ಉಜ್ಜಿದರೆ ಇನ್ನೂ ಸಣ್ಣದಾಗಿ ಪುಡಿಯಾದವು. ಎರಡೇ ವರ್ಷದ ಬಿಸಿಲಿಗೆ ಆ ಹುಲ್ಲು ಪೆಡಸಾಗಿ ಉದುರುತ್ತಿದೆ. ಜಾಲರಿಗೆ ಸಿಕ್ಕದ್ದು ನನ್ನ ಕೈಯಲ್ಲಿತ್ತು. ಸಿಕ್ಕದೇ ಹೋದದ್ದು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ.

ಸ್ಪೇನಿನ ಬಾರ್ಸಿಲೋನಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2023ರಲ್ಲಿ ಇದನ್ನೇ ಸಮುದ್ರದಲ್ಲಿ ಕಂಡರು. ತಮ್ಮ ಊರಿನ ತೀರದ ಹತ್ತಿರ ತೇಲುವ, 5 ಮಿಲಿಮೀಟರ್‌ಗಿಂತ ದೊಡ್ಡ ಪ್ಲಾಸ್ಟಿಕ್ ಚೂರುಗಳಲ್ಲಿ ಶೇ. 15ಕ್ಕೂ ಹೆಚ್ಚು ಪಾಲು ಕೃತಕ ಹುಲ್ಲಿನ ಎಳೆಗಳೇ ಇದ್ದ ಮಾದರಿಗಳು ಅವರಿಗೆ ಸಿಕ್ಕಿದವು. ಆಟದ ಮೈದಾನಗಳಲ್ಲಿ ಎಳೆಗಳ ನಡುವೆ ಹಳೇ ಟೈರಿನ ರಬ್ಬರ್ ಕಾಳು ತುಂಬುತ್ತಾರೆ. ಅದು ಇನ್ನೂ ಕಷ್ಟ. ಯುರೋಪಿಯನ್ ಒಕ್ಕೂಟ 2023ರ ಸೆಪ್ಟೆಂಬರ್‌ನಲ್ಲಿ ಅಂಥ ಕಾಳುಗಳ ಮಾರಾಟ ನಿಲ್ಲಿಸುವ ನಿಯಮ ತಂದು, ಎಂಟು ವರ್ಷದ ಗಡುವು ಕೊಟ್ಟಿದೆ. ನಮ್ಮ ಕೊಟೇಶನ್‌ನಲ್ಲಿ ರಬ್ಬರ್ ಇಲ್ಲ, ಬರೀ ಮರಳಿದೆ. ಹಾಗಾಗಿ ಆ ವಿಷಯ ಎತ್ತಿ ನಿಮ್ಮನ್ನು ಹೆದರಿಸುವುದಿಲ್ಲ. ಶಾಲೆಗಳಿಗೆ, ಬಾಕ್ಸ್ ಕ್ರಿಕೆಟ್ ಜಾಗ ನಡೆಸುವವರಿಗೆ ಮಾತ್ರ ಒಂದು ಮಾತು: ಕಪ್ಪು ಕಾಳು ಹಾಕಿಸುವ ಮುಂಚೆ ದಯವಿಟ್ಟು ಈ ನಿಯಮವನ್ನು ಓದಿ.

ಹಾಸು ಹಳೇದಾದ ಮೇಲೆ ಏನು? ಹತ್ತು ವರ್ಷ ಬಾಳಿಕೆ ಅನ್ನುತ್ತಾರೆ. ನಮ್ಮ ವಾರ್ಡಿನ ಒಣಕಸದ ಕೇಂದ್ರದಲ್ಲಿ ಕೆಲಸ ಮಾಡುವ ಅಕ್ಕನಿಗೆ ಒಂದು ತುಂಡು ತೋರಿಸಿದೆ. ಮಗುಚಿ ನೋಡಿದರು, ಹಿಂಬದಿ ಕೆರೆದರು, ವಾಪಸ್ ಕೊಟ್ಟರು. ‘ಇದು ಒಂದೇ ಮಾಲು ಅಲ್ಲ ಮೇಡಂ, ಯಾರೂ ತಗೊಳ್ಳಲ್ಲ’ ಅಂದರು. ಸರಿಯಾಗಿಯೇ ಹೇಳಿದರು. ಮೇಲಿನ ಎಳೆ ಒಂದು ಪ್ಲಾಸ್ಟಿಕ್, ಕೆಳಗಿನ ಬಟ್ಟೆ ಇನ್ನೊಂದು, ಎರಡನ್ನೂ ಹಿಡಿದಿರುವ ಅಂಟು ಮೂರನೆಯದು, ನಡುವೆ ಮರಳು. ಬಿಡಿಸುವ ಖರ್ಚು ಅದರ ಬೆಲೆಗಿಂತ ಜಾಸ್ತಿ. 3,000 ಚದರಡಿಯ ಸುರುಳಿಗಳು ಲಾರಿ ಹತ್ತಿ ಯಾವುದೋ ಹಳ್ಳಿಯ ಪಕ್ಕಕ್ಕೆ ಹೋಗುತ್ತವೆ, ಇಲ್ಲವೇ ಯಾರಾದರೂ ಬೆಂಕಿ ಹಚ್ಚುತ್ತಾರೆ. ಬೆಂಗಳೂರಿನ ಕಸ ಇನ್ನು ನಮಗೆ ಬೇಡ ಅಂತ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದಿದ್ದರು. ಅವರ ಬಾವಿಯ ನೀರು, ಅವರ ಮಕ್ಕಳ ಉಸಿರು ಕೆಟ್ಟಿತ್ತು. ಅದನ್ನು ನೆನೆಸಿಕೊಂಡರೆ ನನಗೆ ಈ ಹಾಸಿನ ಮೇಲೆ ಕಾಲಿಡಲೂ ಮನಸ್ಸು ಬರುವುದಿಲ್ಲ. ಪ್ಲಾಸ್ಟಿಕ್ ಕೈಚೀಲವನ್ನು 2016ರಲ್ಲೇ ನಿಷೇಧಿಸಿದ ರಾಜ್ಯ ನಮ್ಮದು. ತರಕಾರಿಗೆ ಬಟ್ಟೆ ಚೀಲ ಹಿಡಿದು ಹೋಗುವ ನಾವೇ ಅಂಗಳಕ್ಕೆ ಪ್ಲಾಸ್ಟಿಕ್ ಹೊದಿಸುವುದು ಹೇಗೆ?

ಕ್ಯಾಲಿಫೋರ್ನಿಯಾದವರ ಅನುಭವ ನಮಗೆ ಹತ್ತಿರದ್ದು. ಅಲ್ಲೂ ಬರ ಬಂದಿತ್ತು. 2015ರಲ್ಲಿ, ಮನೆಯವರು ಕೃತಕ ಹುಲ್ಲು ಹಾಕಿಸಿದರೆ ನಿವಾಸಿಗಳ ಸಂಘ ತಡೆಯುವ ಹಾಗಿಲ್ಲ ಅಂತ ಕಾನೂನು ಮಾಡಿದರು. 2023ರಲ್ಲಿ ಅದೇ ರಾಜ್ಯ, ಬೇಕಿದ್ದರೆ ಊರುಗಳು ಅದನ್ನು ನಿಷೇಧಿಸಬಹುದು ಅಂತ ಇನ್ನೊಂದು ಕಾನೂನು ಮಾಡಿತು. ಎಂಟು ವರ್ಷ ಬಳಸಿ ನೋಡಿ ಹೊರಳಿಕೊಂಡರು. ನಮಗೆ ಎರಡು ವರ್ಷ ಸಾಕಲ್ವಾ?

‘ಇಲ್ಲಿ ಹುಲ್ಲು ಬದುಕಲ್ಲ, ಬೇಸಿಗೆಯಲ್ಲಿ ಸತ್ತು ಹೋಗುತ್ತೆ’ ಅನ್ನುವ ಮಾತು ಕಳೆದ ಸಭೆಯಲ್ಲಿ ಬಂತು. ಇದಕ್ಕೆ ಮಾತ್ರ ನಾನು ಊರಿನ ಮಾತಿನಲ್ಲೇ ಉತ್ತರ ಕೊಡಬೇಕು. ನಮ್ಮದು ಅರಸೀಕೆರೆ ಕಡೆ. ಅಪ್ಪ ಜೀವನವಿಡೀ ರಾಗಿ ಹೊಲದಲ್ಲಿ ಗರಿಕೆಯ ಜೊತೆ ಗುದ್ದಾಡಿದರು. ಬೇಸಿಗೆಯಲ್ಲಿ ಆಳಕ್ಕೆ ಉತ್ತು, ಬೇರೆಲ್ಲ ಮೇಲೆ ಬರುವ ಹಾಗೆ ಮಾಡಿ, ಏಪ್ರಿಲ್ ಬಿಸಿಲಿಗೆ ಒಣಗಿಸಿ, ಆರಿಸಿ ಬದುವಿನ ಮೇಲೆ ರಾಶಿ ಹಾಕುತ್ತಿದ್ದರು. ಮೊದಲ ಮಳೆ ಬಿದ್ದು ಎಂಟು ದಿನಕ್ಕೆ ಗರಿಕೆ ಮತ್ತೆ ಇಣುಕುತ್ತಿತ್ತು. ಬದುವಿನ ರಾಶಿಯಿಂದಲೂ ಇಣುಕುತ್ತಿತ್ತು! ಅದನ್ನು ಸಾಯಿಸೋಕೆ ಆಗಲ್ಲ ಅಂತ ಅಪ್ಪ ಬೈಯುತ್ತಿದ್ದರು. ಚೌತಿಯ ದಿನ ಅದೇ ಗರಿಕೆಯ 21 ಕುಡಿ ಆರಿಸಿ ತಂದು ಗಣಪತಿಗೆ ಇಡುತ್ತಿದ್ದರು. ನರ್ಸರಿಗಳಲ್ಲಿ ಬರ್ಮುಡಾ ಅಂತ ಮಾರುವುದು ಇದೇ ಜಾತಿಯ ಹುಲ್ಲು.

ನಮ್ಮ ಮಧ್ಯದ ಹುಲ್ಲುಹಾಸಿನ ಒಂದು ಮೂಲೆಯಲ್ಲಿ ಗರಿಕೆ ತಾನಾಗಿಯೇ ಬಂದಿದೆ. ಯಾರೂ ನೆಟ್ಟಿಲ್ಲ. ಮಾರ್ಚ್‌ನಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ, ಜೂನ್‌ನಲ್ಲಿ ಹಸಿರಾಗುತ್ತದೆ. ಆ ಮೂರು ತಿಂಗಳು ಅದು ಸತ್ತಿಲ್ಲ, ಮಲಗಿದೆ ಅಷ್ಟೇ. ಹೆಸರಘಟ್ಟದ ಹುಲ್ಲುಗಾವಲಿಗೆ ಏಪ್ರಿಲ್‌ನಲ್ಲಿ ಹೋಗಿ ನೋಡಿ, ಪೂರ್ತಿ ಕಂದು. ಆ ಕಂದು ಹುಲ್ಲಿನ ನಡುವೆಯೇ ನೆಲಗುಬ್ಬಿಗಳು ಗೂಡು ಕಟ್ಟುತ್ತವೆ. ವರ್ಷವಿಡೀ ಒಂದೇ ಹಸಿರು ಬೇಕು ಅನ್ನುವ ಆಸೆ ಈ ನೆಲದ್ದಲ್ಲ. ಅದನ್ನು ಬಿಟ್ಟುಬಿಟ್ಟರೆ ನಮ್ಮ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಉಳಿದ ಅರ್ಧಕ್ಕೆ ನಮ್ಮಲ್ಲೇ ನೀರಿದೆ. ದಿನಾ ಎಸ್‌ಟಿಪಿಯಿಂದ, ಅಂದರೆ ನಮ್ಮ ಕೊಳಚೆ ನೀರು ಶುದ್ಧ ಮಾಡುವ ಘಟಕದಿಂದ, ಶುದ್ಧವಾಗಿ ಬರುವ ನೀರಿನಲ್ಲಿ ಟಾಯ್ಲೆಟ್ಟಿಗೆ ಹೋಗಿ ಮಿಕ್ಕದ್ದನ್ನು ಚರಂಡಿಗೆ ಬಿಡುತ್ತಿದ್ದೇವೆ. ವಾಸನೆ ಬರುತ್ತದೆ ಅಂತ ಗಿಡಕ್ಕೆ ಹಾಕುವುದನ್ನು ನಿಲ್ಲಿಸಿದೆವು. ವಾಸನೆ ಬಂದರೆ ಫಿಲ್ಟರ್ ಸರಿಯಿಲ್ಲ ಅಂತ ಅರ್ಥ. ಅದನ್ನು ರಿಪೇರಿ ಮಾಡಿಸೋಣ, ಹೇಗೂ ಮಾಡಿಸಲೇಬೇಕು. 2024ರ ಅದೇ ಬರದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಪಂದ್ಯಗಳು ನಡೆದವು. ಮೈದಾನದ ಹುಲ್ಲಿಗೆ ಹೋಗಿದ್ದು ಕಬ್ಬನ್ ಪಾರ್ಕ್‌ನ ಘಟಕದಲ್ಲಿ ಶುದ್ಧ ಮಾಡಿದ ನೀರು. ಅಷ್ಟು ದೊಡ್ಡ ಮೈದಾನದ ನಿಜ ಹುಲ್ಲು ಆ ನೀರಿನಲ್ಲಿ ಬದುಕಿತು ಅಂದಮೇಲೆ ನಮ್ಮ 3,000 ಚದರಡಿ ಯಾವ ಲೆಕ್ಕ?

ಕೃತಕ ಹುಲ್ಲು ಎಲ್ಲೂ ಬೇಡ ಅನ್ನುವವಳಲ್ಲ ನಾನು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಹಾಕಿ ಅದರ ಮೇಲೆಯೇ ನಡೆಯುತ್ತಿದೆ. ಕೊಡಗಿನ ಹುಡುಗ ಹುಡುಗಿಯರು ಅದರ ಮೇಲೆ ಆಡಿ ಕಲಿಯದಿದ್ದರೆ ದೇಶದ ತಂಡಕ್ಕೆ ಬರೋಕಾಗಲ್ಲ. ಹಳೇ ಕಟ್ಟಡದ ತಾರಸಿ ಮೇಲೆ ಹಾಸಿ ನಾಲ್ಕು ಜನ ಕ್ರಿಕೆಟ್ ಆಡಿದರೆ ಅಲ್ಲಿ ಮುಚ್ಚಿಹೋಗುವ ಮಣ್ಣಿಲ್ಲ. ನಮ್ಮದು ಹಾಗಲ್ಲ, ನಿಜವಾದ ನೆಲ. ಅದರೊಳಗೆ ಎರೆಹುಳ ಇದೆ. ಬೆಳಿಗ್ಗೆ ಗೊರವಂಕ, ಬೆಳ್ಳಕ್ಕಿ ಬರುತ್ತವೆ. ಮಳೆಗಾಲದಲ್ಲಿ ಒಂದು ಚಂದ್ರಮುಕುಟ ಕೊಕ್ಕು ಊರುತ್ತಾ ಓಡಾಡುವುದನ್ನು ಎ ಬ್ಲಾಕಿನ ಮಕ್ಕಳೇ ನನಗೆ ತೋರಿಸಿದ್ದು. ಆಟದ ಜಾಗದ ಪ್ಲಾಸ್ಟಿಕ್ ಮೇಲೆ ಗೊರವಂಕ ಇಳಿದದ್ದನ್ನು ಒಮ್ಮೆ ನೋಡಿದೆ. ಎರಡು ಸಲ ಕುಕ್ಕಿತು, ಸ್ವಲ್ಪ ದೂರ ಹೋಗಿ ಮತ್ತೊಂದು ಸಲ ಕುಕ್ಕಿತು, ಹಾರಿಹೋಯಿತು.

ಹೊಂಗೆ ಮರದ ಚಿಂತೆಯೇ ನನಗೆ ಎಲ್ಲಕ್ಕಿಂತ ದೊಡ್ಡದು. ಕೊಟೇಶನ್‌ನ ಚಿತ್ರದಲ್ಲಿ ಹಾಸು ಕಾಂಡದ ಬುಡದ ತನಕ ಬಂದಿದೆ. ಜಲ್ಲಿ ಸುರಿಯಲು ಮೇಲ್ಮಣ್ಣು ಕೆರೆದರೆ ಮರದ ಸಣ್ಣ ಬೇರುಗಳು ಅದರ ಜೊತೆಯೇ ಹೋಗುತ್ತವೆ. ನೀರು ಕುಡಿಯುವುದು ಆ ಸಣ್ಣ ಬೇರುಗಳಿಂದಲೇ. ರೋಲರ್ ಓಡಿದ ನೆಲದಲ್ಲಿ ಬೇರಿಗೆ ಗಾಳಿಯೂ ಸಿಗುವುದಿಲ್ಲ. ಮರ ಕೂಡಲೇ ಬೀಳುವುದಿಲ್ಲ. ಮೂರು ನಾಲ್ಕು ವರ್ಷದಲ್ಲಿ ಒಂದೊಂದೇ ಕೊಂಬೆ ಒಣಗುತ್ತಾ ಬರುತ್ತದೆ. ಆಮೇಲೆ ಒಂದು ದಿನ ಗಾಳಿಮಳೆಗೆ ಅಪಾಯ ಅಂತ ನಾವೇ ಕಡಿಸುತ್ತೇವೆ. ಬೇಸಿಗೆಯಲ್ಲಿ ಅದರ ಹೂವು ಉದುರಿ ಪುರಿ ಚೆಲ್ಲಿದ ಹಾಗೆ ಬಿದ್ದಿರುತ್ತದಲ್ಲ, ಅಲ್ಲಿ ಕೂರದವರು ನಮ್ಮಲ್ಲಿ ಯಾರಿದ್ದಾರೆ?

ನಾನು ಕೇಳುವುದು ಇಷ್ಟು. ಐದನೇ ವಿಷಯವನ್ನು ಈ ಸಲ ಮತಕ್ಕೆ ಹಾಕಬೇಡಿ. ಅದಕ್ಕೆ ಎತ್ತಿಟ್ಟ ಹಣದಲ್ಲಿ ಎಸ್‌ಟಿಪಿಯ ಫಿಲ್ಟರ್ ಸರಿ ಮಾಡಿಸಿ, ಹುಲ್ಲುಹಾಸಿನ ತನಕ ಒಂದು ಪೈಪು ಎಳೆಸಿ. ಜೂನ್ ಮಳೆ ಹಿಡಿದಾಗ ಮೂಲೆಯ ಗರಿಕೆಯ ಬೇರನ್ನೇ ತುಂಡು ಮಾಡಿ ಎಲ್ಲ ಕಡೆ ನೆಡೋಣ. ಹೊಂಗೆಯ ನೆರಳಿನಲ್ಲಿ ಅದು ಬೆಳೆಯುವುದಿಲ್ಲ, ಅಲ್ಲಿ ಎಲೆ ಬಿದ್ದ ಮಣ್ಣು ಹಾಗೇ ಇರಲಿ, ಮಕ್ಕಳಿಗೆ ಅಗೆಯಲು ಒಂದು ಜಾಗ ಬೇಕಲ್ವಾ? ಗಾಲಿಕುರ್ಚಿಯಲ್ಲಿ ಬರುವ ಹಿರಿಯರಿಗೆ ಕೆಸರಾಗದ ಹಾಗೆ ಮಧ್ಯದಲ್ಲಿ ಒಂದು ಸಾಲು ಚಪ್ಪಡಿ ಕಲ್ಲು ಹಾಕಿಸಿ. ಅವರ ತೊಂದರೆ ನಿಜವಾದದ್ದು, ಅದಕ್ಕೆ ಕಲ್ಲೇ ಸಾಕು. ಆಟದ ಜಾಗದ ಹಳೇ ಹಾಸನ್ನು ವಾಪಸ್ ತಗೊಳ್ಳುತ್ತೀರಾ ಅಂತ ಹಾಕಿದವರನ್ನು ಲಿಖಿತವಾಗಿ ಕೇಳಿ. ಉತ್ತರವನ್ನು ನೋಟಿಸ್ ಬೋರ್ಡಿಗೆ ಹಾಕಿ.

ಬಟ್ಟೆ ಕೊಳೆಯಾಗುತ್ತದೆ, ಹೌದು. ಒಗೆಯೋಣ.

ನಮ್ಮ ಮಾಲಿ ಅಣ್ಣ ರಾಯಚೂರಿನ ಕಡೆಯವರು. ಆಟದ ಜಾಗ ಪ್ಲಾಸ್ಟಿಕ್ ಆದ ಮೇಲೆ ಅವರ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿದೆವು. ಈಗ ಇದೂ ಹೋದರೆ ಪೂರ್ತಿ ಬಿಡಿಸುತ್ತೇವೇನೋ ಅಂತ ಅವರು ನನ್ನನ್ನು ಕೇಳಿದರು. ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಉತ್ತರ ಕೊಡಬೇಕಾದವರು ಸಭೆ ನಡೆಸುವ ನೀವು.

ನೀರು ಬಿಡುವ ಕೆಲಸಕ್ಕೆ ಜನ ಸಿಗುವುದಿಲ್ಲ ಅಂತ ಯಾರೂ ಹೇಳದಿರಲಿ ಅಂತ ಲಿಫ್ಟ್ ಪಕ್ಕದಲ್ಲಿ ನಿಮ್ಮ ನೋಟಿಸಿನ ಕೆಳಗೇ ಒಂದು ಹಾಳೆ ಅಂಟಿಸಿದ್ದೇನೆ. ಮಂಗಳವಾರ, ಶುಕ್ರವಾರದ ಬೆಳಿಗ್ಗೆ ನನ್ನದು. ಭಾನುವಾರ ಎ ಬ್ಲಾಕಿನ ಮಕ್ಕಳು ಬರೆದುಕೊಂಡಿದ್ದಾರೆ. ಉಳಿದ ನಾಲ್ಕು ದಿನ ಖಾಲಿ ಇವೆ. ಪೆನ್ನನ್ನು ದಾರದಲ್ಲಿ ಕಟ್ಟಿದ್ದೇನೆ.

ಇಂತಿ,
ನಿಮ್ಮ ನೆರೆಯವಳು,
ಬಿ ಬ್ಲಾಕ್, ಮೂರನೇ ಮಹಡಿ